ಆ ಹಡ್ಲು ಕೊಡಬೇಡ ಮಾರಾಯ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಇದು ಫೋನಿನಲ್ಲಿ ಮುಗಿಯುವ ವಿಷಯವೂ ಅಲ್ಲ. ನಮ್ಮೂರಿನವರು ಈಗ ಎಲ್ಲೆಲ್ಲೋ ಇದ್ದಾರೆ, ಅವರೂ ಓದಲಿ ಅಂತ ನಿನ್ನನ್ನು ಕೇಳಿಯೇ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೇಲಿನ ತೋಟ ಮಾರಾಟವಾಗಿ ಅಲ್ಲಿ ವಿಲ್ಲಾ ಲೇಔಟ್ ಬರುವ ಸುದ್ದಿ ನಿನಗೆ ಗೊತ್ತೇ ಇದೆ. ಸಾಲು ಸಾಲು ಮನೆ, ಕ್ಲಬ್ ಹೌಸ್, ಈಜುಕೊಳ, ಗುಡ್ಡದ ನೆತ್ತಿಯವರೆಗೂ ಕಾಂಕ್ರೀಟ್ ರಸ್ತೆ. ಆದರೆ ಆ ತೋಟಕ್ಕೆ ಈಗಿರುವುದು ಒಂದು ಜೀಪು ಹೋಗುವಷ್ಟು ದಾರಿ. ಅವರಿಗೆ ಬೇಕಾದ ಅಗಲದ ರಸ್ತೆ ನಿಮ್ಮ ಹಡ್ಲಿನ, ಅಂದರೆ ಗುಡ್ಡದ ಬುಡದ ಆ ತಗ್ಗು ಗದ್ದೆಯ ಮೇಲೇ ಹಾದುಹೋಗಬೇಕು. ಏಜೆಂಟು ಬೆಂಗಳೂರಿನ ನಿನ್ನ ಮನೆ ಹುಡುಕಿಕೊಂಡು ಬಂದು ಊರಲ್ಲಿ ಯಾರೂ ಕೇಳದ ಬೆಲೆ ಹೇಳಿದ್ದು ಅದಕ್ಕೇ. ‘ಬೀಳು ಬಿದ್ದ ಗದ್ದೆ ಇಟ್ಟುಕೊಂಡು ಏನು ಮಾಡುತ್ತೀರಿ’ ಅಂದನಂತಲ್ಲ.

ಬೀಳು ಬಿದ್ದಿರುವುದು ನಿಜ. ನಾಟಿಗೆ ಆಳು ಸಿಗುವುದಿಲ್ಲ. ಕಷ್ಟಪಟ್ಟು ನೆಟ್ಟರೂ ಹಂದಿ, ಆನೆ ಬಿಡುವುದಿಲ್ಲ. ನಿಮ್ಮಪ್ಪ ಇರುವಾಗಲೇ ಭತ್ತ ನಿಂತುಹೋಯಿತು, ಅದಕ್ಕೆ ಯಾರೂ ನಿನ್ನನ್ನು ದೂರುವುದಿಲ್ಲ. ಆದರೆ ಆ ಹಡ್ಲು ಸುಮ್ನೆ ಬಿದ್ದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಆದಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿ ಬಂದೆ. ತಲೆಬದುವಿನ ಕೆಳಗೆ, ಕಲ್ಲಿನ ಸಂದಿಯಿಂದ ನೀರು ಈಗಲೂ ಬರುತ್ತಿದೆ. ಹೆಬ್ಬೆರಳು ಗಾತ್ರವಷ್ಟೇ, ಆದರೆ ನಿಲ್ಲದ ನೀರು. ಸುತ್ತ ಕಾಡುಕೆಸು ಎದೆ ಮಟ್ಟ ಬೆಳೆದಿದೆ. ಕೆಸರಿನಲ್ಲಿ ಆನೆ ಹೆಜ್ಜೆ ಒಂದರ ಹಿಂದೆ ಒಂದು. ಪ್ರತಿ ಹೆಜ್ಜೆಯಲ್ಲೂ ನೀರು ನಿಂತು, ಒಳಗೆ ಗೊದಮೊಟ್ಟೆಗಳು ಓಡಾಡುತ್ತಿದ್ದವು.

ಮೇಲಿನ ಗುಡ್ಡ ಜೂನ್‌ನಿಂದ ಕುಡಿದ ಮಳೆಯನ್ನು ಮಾರ್ಚ್, ಏಪ್ರಿಲ್‌ವರೆಗೂ ಇಷ್ಟಿಷ್ಟೇ ಕೆಳಗೆ ಬಿಡುತ್ತದೆ. ತೋಟದ ಮರಗಳು, ತರಗೆಲೆ, ಬೇರು ಎಲ್ಲ ಸೇರಿ ಮಾಡುವ ಕೆಲಸ ಅದು. ಬಂದ ನೀರನ್ನು ಹಿಡಿದಿಡುವುದು ಹಡ್ಲು. ಕೆಳಗೆ ತೋಟದ ಕೆಲಸದವರಿರುವ ಲೈನ್ ಮನೆಗಳ ಬಾವಿ ಬೇಸಿಗೆಯಲ್ಲೂ ಬತ್ತದಿರುವುದು ಇದರಿಂದಲೇ ಅಲ್ವಾ? ಈಗ ಗುಡ್ಡ ಸೀಳಿ ರಸ್ತೆ ಮಾಡಿ, ಮನೆಗೊಂದು ತಟ್ಟು ಕಡಿದು ಕಾಂಕ್ರೀಟ್ ಹಾಕಿದರೆ ಮಳೆನೀರು ಇಂಗುವುದಿಲ್ಲ. ಒಂದೇ ಏಟಿಗೆ ಮಣ್ಣು ಕೊಚ್ಚಿಕೊಂಡು ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಈಜುಕೊಳಕ್ಕೆ, ಹುಲ್ಲುಹಾಸಿಗೆ ಬೋರ್‌ವೆಲ್ ಕೊರೆಯುತ್ತಾರೆ. ಅಷ್ಟೂ ಮನೆಗಳ ಕಕ್ಕಸು ಗುಂಡಿಗಳು ಇರುವುದು ಒರತೆಯ ಮೇಲ್ಗಡೆ. ಆ ಬಾವಿಯ ನೀರು ಕುಡಿಯುವ ಮಕ್ಕಳನ್ನು ನೀನು ಪ್ರತಿ ಹಬ್ಬಕ್ಕೆ ಬಂದಾಗಲೂ ಮಾತಾಡಿಸುತ್ತೀಯ.

ನೀನಿರುವ ಊರಿಗೂ ಇದರ ಸಂಬಂಧ ಇದೆ. ನಮ್ಮ ಹಳ್ಳದ ನೀರು ಹೋಗಿ ಸೇರುವುದು ಹೇಮಾವತಿಗೆ. ಅವಳು ಹುಟ್ಟುವುದೇ ನಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟಿನಲ್ಲಿ ನಿಂತು, ಕನ್ನಂಬಾಡಿ ಹಿನ್ನೀರಿನಲ್ಲಿ ಕಾವೇರಿ ಸೇರುತ್ತಾಳೆ. ನಿನ್ನ ಮನೆ ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ನಮ್ಮ ಗುಡ್ಡಗಳ ಪಾಲೂ ಇದೆ.

2019ರ ಆಗಸ್ಟ್ ನೆನಪಿದೆಯಲ್ಲ? ನಮ್ಮ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಜಾರಿ ಮನೆ, ಗದ್ದೆ, ತೋಟ ಹೂತುಹೋದವು. ಪೂರ್ತಿ ನೆನೆದ ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿಂದ ಬರಬೇಕು? ಶಿರಾಡಿ ಘಾಟಿಯಲ್ಲಿ ರಸ್ತೆಗೆಂದು ಗುಡ್ಡ ಕಡಿದ ಕಡೆ 2024ರ ಜುಲೈನಲ್ಲಿ ದೊಡ್ಡತಪ್ಪಲೆ ಹತ್ತಿರ ಮಣ್ಣು ಕುಸಿದು ದಾರಿಯೇ ಬಂದಾಯಿತು.

ಪಶ್ಚಿಮಘಟ್ಟ ಉಳಿಸುವುದಕ್ಕೆ ಅಂತ ಬಂದ ಕಸ್ತೂರಿರಂಗನ್ ವರದಿ ಅಂದರೆ ನಮ್ಮವರಿಗೆ ಸಿಟ್ಟು, ಗೊತ್ತು. ಮನೆ ಹೆಂಚು ಬದಲಾಯಿಸಲೂ ಬಿಡುವುದಿಲ್ಲ ಅಂತ ಜನರನ್ನು ಹೆದರಿಸಿದರು. ಅದರ ಮೇಲೆ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯನ್ನು ಕೂತು ಓದು. ಈಗಿರುವ ಮನೆಗಳ ರಿಪೇರಿಗೆ, ವಿಸ್ತರಣೆಗೆ ಅದರಲ್ಲಿ ಅಡ್ಡಿಯಿಲ್ಲ. ಬೇಡ ಅಂದಿರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳನ್ನು, 50 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಟೌನ್‌ಶಿಪ್‌ಗಳನ್ನು. ಲೇಔಟ್‌ನವರು ಒಂದೇ ಸಲ ಮಾಡದೆ ಹಂತ ಹಂತವಾಗಿ ಮಾಡುತ್ತೇವೆ ಅನ್ನುತ್ತಿದ್ದಾರಲ್ಲ, ಅದರ ಜೊತೆ ಈ ಅಂಕಿಗಳನ್ನು ಇಟ್ಟು ನೋಡು. ನಮ್ಮ ಗ್ರಾಮದ ಹೆಸರೂ ಅದರ ಪರಿಸರ ಸೂಕ್ಷ್ಮ ಗ್ರಾಮಗಳ ಪಟ್ಟಿಯಲ್ಲಿದೆ. ಮೊದಲ ಕರಡು ಬಂದಿದ್ದು 2014ರಲ್ಲಿ. ಆರನೆಯದು ಬಂದಿದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದ ಮಾರನೆಯ ದಿನ. ಆ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಂಪುಟ ವರದಿಯನ್ನೇ ತಿರಸ್ಕರಿಸಿತು. ಹತ್ತು ವರ್ಷ ಬರೀ ಕರಡಿನಲ್ಲೇ ಹೋಯಿತು. ನನಗೆ ಇದರ ಬಗ್ಗೆ ತುಂಬಾ ಬೇಜಾರಿದೆ.

ಮೊದಲಾದರೆ ಕೃಷಿಕರಲ್ಲದವರು ಜಮೀನು ಕೊಳ್ಳಲು ತಡೆ ಇತ್ತು. 2020ರ ಭೂ ಸುಧಾರಣೆ ತಿದ್ದುಪಡಿಯಲ್ಲಿ 79ಎ, 79ಬಿ ಕಲಂ ತೆಗೆದಮೇಲೆ ಅದೂ ಹೋಯಿತು. ಆದರೂ ಕೃಷಿ ಜಮೀನಿನಲ್ಲಿ ಲೇಔಟ್ ಮಾಡಬೇಕಾದರೆ ಭೂಪರಿವರ್ತನೆ ಆಗಲೇಬೇಕು. ಅದು ಜಿಲ್ಲಾಧಿಕಾರಿಗಳ ಕೈಯಲ್ಲಿದೆ. ನಾವು ತಕರಾರು ಅರ್ಜಿ ಕೊಡುತ್ತಿರುವುದು ಅಲ್ಲಿಗೇ.

ಹೊರಗಿನವರು ಬರಬಾರದು ಅಂತ ನಾನು ಹೇಳುತ್ತಿಲ್ಲ. ಊರಿನಲ್ಲಿ ಮನೆ ಕಟ್ಟಲೇಬಾರದು ಅಂತಲೂ ಅಲ್ಲ. ಲೈನ್ ಮನೆಯವರು ಸ್ವಂತ ಸೈಟಿಗೆ ಅರ್ಜಿ ಹಾಕಿ ಎಷ್ಟು ಕಾಲದಿಂದ ಕಾಯುತ್ತಿದ್ದಾರೆ! ಅವರಿಗೆ ಮೊದಲು ಮನೆಯಾಗಲಿ, ನಾನೇ ಮುಂದೆ ನಿಂತು ಓಡಾಡುತ್ತೇನೆ. ಮೇಲೆ ಬರುವ ವಿಲ್ಲಾಗಳು ವರ್ಷದಲ್ಲಿ ಜಾಸ್ತಿ ದಿನ ಬೀಗ ಹಾಕಿಕೊಂಡೇ ಇರುತ್ತವೆ. ಅವುಗಳ ಸುತ್ತ ಸೋಲಾರ್ ಬೇಲಿ ಬಂದರೆ ಹಡ್ಲಿನಲ್ಲಿ ಓಡಾಡುವ ಆನೆ ಎಲ್ಲಿಗೆ ತಿರುಗುತ್ತದೆ? ಲೈನ್ ಮನೆಗಳ ಕಡೆಗೇ. ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ಹೊರಡುವ ಹೆಂಗಸರ ಎದುರಿಗೇ.

ನಿನಗೆ ಮಗಳ ಓದಿಗೆ ದುಡ್ಡು ಬೇಕು. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ನಿಮ್ಮ ಕಾಫಿ ತೋಟವನ್ನು ನಾನು ಗುತ್ತಿಗೆಗೆ ಹಿಡಿಯುತ್ತೇನೆ, ಮುಂಗಡ ಈ ವರ್ಷವೇ ಕೊಡುತ್ತೇನೆ. ಕಾಫಿಗೂ ಮೆಣಸಿಗೂ ಈಗ ಬೆಲೆ ಇದೆ, ನನಗೆ ನಷ್ಟವಿಲ್ಲ. ಏಜೆಂಟು ಹೇಳಿದಷ್ಟು ಆಗುವುದಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಆದರೆ ಹಡ್ಲು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.

ಅಗ್ರಿಮೆಂಟಿಗೆ ಸಹಿ ಹಾಕಬೇಡ, ಟೋಕನ್ ಹಣವನ್ನೂ ಮುಟ್ಟಬೇಡ. ಮುಂದಿನ ತಿಂಗಳು ಗ್ರಾಮಸಭೆ ಇದೆ, ರಜೆ ಹಾಕಿ ಬಾ. ಪಕ್ಕದ ಜಮೀನಿನ ಪಹಣಿಯಲ್ಲಿ ಹೆಸರಿರುವ ನೀನೇ ಎದ್ದುನಿಂತು ಬೇಡ ಅಂದರೆ ಅದಕ್ಕೆ ಬೇರೆಯದೇ ತೂಕ. ಬರುವಾಗ ಹಡ್ಲಿನ ಪಹಣಿ, ಸರ್ವೆ ನಕ್ಷೆ ಎರಡರ ಜೆರಾಕ್ಸ್ ತಾ, ಅರ್ಜಿಯ ಜೊತೆ ಲಗತ್ತಿಸಬೇಕು. ಅಮ್ಮನನ್ನೂ ಕರೆದುಕೊಂಡು ಬಾ, ನಮ್ಮ ಮನೆಯಲ್ಲೇ ಉಳಿಯಿರಿ.

ಇಂತಿ ನಿನ್ನ ಗೆಳೆಯ