ಕೊಡೆ ಗಾಳಿಗೆ ಹಾರಿದ್ದಲ್ಲ

ಕೂಸೇ,

ನಿನ್ನೆ ಆ ಅಮೆರಿಕದ ಹಿಮದಲ್ಲಿ ಸಿಕ್ಕಿಕೊಂಡ ನಿನ್ನ ಕಾರು ತೆಗೆಯುವಾಗ ನಾನು ವಿಡಿಯೋ ಕಾಲಿನಲ್ಲಿ ಆಕ್ಸಿಲರೇಟರ್ ಒತ್ತು ಅಂದೆ, ಕಾರು ಜಾರಿ ಪಕ್ಕದವರ ಕಾರಿಗೆ ಬಡಿಯಿತು. ನೀನು ಫೋನ್ ಕಟ್ ಮಾಡಿದ ಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ. ಇರಲಿ. ವಾಟ್ಸಾಪಿನಲ್ಲಿ ಇಷ್ಟುದ್ದ ಬರೆದರೆ ಅರ್ಧ ಓದಿ ಬಿಡುತ್ತೀ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ. ಅಮ್ಮ ಮಲಗಿದ್ದಾಳೆ, ಅವಳು ಏಳುವುದರೊಳಗೆ ಮುಗಿಸಬೇಕು.

ನಿನ್ನ ಬಂಪರ್, ಪಕ್ಕದವರ ಕಾರಿನ ಬಾಗಿಲು, ಇನ್ಶೂರೆನ್ಸ್, ಅದೆಲ್ಲ ನಾನು ಕೇಳುವುದಿಲ್ಲ. "ಅಪ್ಪಾ, ಇದು ಪೆರ್ಲದ ಗುಡ್ಡೆ ಅಲ್ಲ" ಅಂದೆಯಲ್ಲ, ಸರಿಯಾಗಿಯೇ ಅಂದೆ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಅಂತ ಮೂವತ್ತು ವರ್ಷ ಜೀಪಿನಲ್ಲಿ ಟ್ರಿಪ್ ಹೊಡೆದವನಿಗೆ ಸ್ವಲ್ಪ ಚುಚ್ಚಿತು, ಅಷ್ಟೆ.

ನಾನು "ಒತ್ತು, ಒತ್ತು" ಅಂತ ಬೊಬ್ಬೆ ಹಾಕಿದ್ದು ಯಾಕೆ ಅಂತ ನಿನಗೆ ಗೊತ್ತಿಲ್ಲ. ನೀನು ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ನಿನ್ನ ಕಡೆಗೆ ತಿರುಗಿಸಿ ಇಟ್ಟಿದ್ದೆ. ಹಿಂದಿನ ಗ್ಲಾಸಿನ ಹಿಮವನ್ನು ಒಂದು ಬಟ್ಟಲಿನಷ್ಟಗಲ ಮಾತ್ರ ಕೆರೆದಿದ್ದೆ. ಆ ಬಟ್ಟಲಿನೊಳಗೆ ನನಗೊಂದು ಕೆಂಪು ಟೊಪ್ಪಿ ಕಾಣಿಸಿತು. ಮೇಲಿನ ಮನೆಯ ಹುಡುಗ, ಪಾಪ, ದೂಡಲು ಬಂದವನು, ಕಾರಿನ ಸರಿಯಾಗಿ ಹಿಂದೆ ನಿಂತಿದ್ದ. ಕಾರು ಹಿಂದಕ್ಕೆ ಬಂದೀತು ಅಂತ ನನ್ನ ಜೀವ ಬಾಯಿಗೆ ಬಂತು. ಮುಂದಕ್ಕೆ ಹೋಗಲಿ, ಹೇಗಾದರೂ ಮುಂದಕ್ಕೆ ಹೋಗಲಿ ಅಂತ "ಒತ್ತು" ಅಂದೆ. ನೀನು ಒತ್ತಿದೆ. ಚಕ್ರ ತಿರುಗಿತು, ಕಾರು ಅಡ್ಡ ಜಾರಿತು. ಆ ಹುಡುಗ ಬದುಕಿದ್ದು ಅವನ ಪುಣ್ಯ, ನನ್ನ ಬುದ್ಧಿವಂತಿಕೆ ಏನಿಲ್ಲ.

ನಾನು ಹೇಳಿದ್ದು ಪೂರ್ತಿ ತಪ್ಪು. ರಾತ್ರಿ ಕೂತು ಯೂಟ್ಯೂಬಿನಲ್ಲಿ ಅಲ್ಲಿನ ಡ್ರೈವರುಗಳು ಹೇಳಿದ್ದನ್ನೆಲ್ಲ ನೋಡಿದೆ. ಚಕ್ರ ನಿಂತಲ್ಲೇ ತಿರುಗಿದರೆ ಉಜ್ಜಿದ ಬಿಸಿಗೆ ಮೇಲಿನ ಐಸ್ ಕರಗುತ್ತದೆ, ಆ ನೀರು ಮತ್ತೆ ಗಟ್ಟಿಯಾಗಿ ಕನ್ನಡಿಯ ಹಾಗೆ ಆಗುತ್ತದೆ. ಅಂದರೆ ಒತ್ತಿದಷ್ಟೂ ನಾವೇ ನುಣುಪು ಮಾಡುತ್ತಾ ಹೋಗುವುದು. ಮೊನ್ನೆ ಡಿಕ್ಕಿಯಲ್ಲಿ ಭಾರ ಹಾಕಿಕೋ ಅಂದೆನಲ್ಲ, ಅದೂ ತಪ್ಪು. ನನ್ನ ಜೀಪಿಗೆ ಹಿಂದಿನ ಚಕ್ರದ ಎಳೆತ, ನಿನ್ನ ಕಾರಿಗೆ ಮುಂದಿನದ್ದು. ಹಿಂದೆ ಭಾರ ಹಾಕಿ ಏನು ಪ್ರಯೋಜನ?

ಈಗ ಆ ಜೀಪಿನ ವಿಷಯ. ನಿನಗೆ ನೆನಪಿದೆಯೋ ಇಲ್ಲವೋ, ಇಷ್ಟು ವರ್ಷ ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ.

2001ರ ಆಟಿ ತಿಂಗಳು, ಜೋರು ಮಳೆಗಾಲ. ನೀನು ಮೂರನೇ ಕ್ಲಾಸು. ಅಡಿಕೆ ತೋಟಕ್ಕೆ ಕೊಳೆರೋಗ ಬಂದು ಮದ್ದು ಬಿಡಲು ಜನ ಸಿಕ್ಕಿದ್ದ ದಿನ, ಮೈಲುತುತ್ತು ಮತ್ತು ಸುಣ್ಣ ಹೇರಿಕೊಂಡು, ದಾರಿಯಲ್ಲಿ ಶಾಲೆಯಿಂದ ನಿನ್ನನ್ನೂ ಕೂರಿಸಿಕೊಂಡು ಬರುತ್ತಿದ್ದೆ. ನಮ್ಮ ನೀರಿನ ಸುರಂಗದ ಕೆಳಗಿನ ತಿರುವಿನಲ್ಲಿ ಜೀಪು ಹೂತಿತು. ನನಗೆ ಅವಸರ. ಮಳೆ ಬಿಟ್ಟಿದ್ದ ಹೊತ್ತಿನಲ್ಲೇ ಮದ್ದು ಬಿಡಬೇಕಲ್ವಾ. ಒತ್ತಿದೆ, ಇನ್ನೂ ಒತ್ತಿದೆ, ಚಕ್ರ ಇನ್ನೂ ಕೆಳಗೆ ಹೋಯಿತು. ಆಗ ನಿನಗೆ ಹೇಳಿದೆ, ಇಳಿ, ಆ ಮುರಕಲ್ಲಿನ ತುಂಡು ತೆಗೆದು ಹಿಂದಿನ ಚಕ್ರಕ್ಕೆ ಅಡ್ಡ ಇಡು ಅಂತ. ಎಂಟು ವರ್ಷದ ಮಗುವಿಗೆ!

ನೀನು ಒಂದು ಕೈಯಲ್ಲಿ ಮಾವ ಗಲ್ಫಿನಿಂದ ತಂದ ಮಡಚುವ ಕೊಡೆ ಹಿಡಿದಿದ್ದೆ, ಇನ್ನೊಂದು ಕೈಯಲ್ಲಿ ಕಲ್ಲನ್ನು ಹೊಟ್ಟೆಗೆ ಒತ್ತಿಕೊಂಡಿದ್ದೆ. ಯೂನಿಫಾರಂ ಮೇಲೆ ಕಲ್ಲಿನ ಕೆಂಪು ನೀರು ಇಳಿಯುತ್ತಿತ್ತು. ನನ್ನ ಚಪ್ಪಲಿಯಲ್ಲಿ ಕೆಸರು. ಬ್ರೇಕಿನಿಂದ ಕಾಲು ಜಾರಿತು. ಜೀಪು ಹಿಂದಕ್ಕೆ ಬಂದದ್ದು ಎಷ್ಟು, ಒಂದು ಮೊಳ, ಹೆಚ್ಚೆಂದರೆ ಎರಡು. ಮತ್ತೆ ಬ್ರೇಕ್ ಸಿಕ್ಕಿತು. ಆದರೆ ಆ ಎರಡು ಮೊಳದಲ್ಲಿ ಏನೋ ಲಟಲಟ ಮುರಿದ ಶಬ್ದ ಕೇಳಿತು. ಕೂಸೇ, ಆ ಶಬ್ದ ಈಗಲೂ ಕೇಳುತ್ತದೆ. ಇಳಿಯಲು ನನಗೆ ಕಾಲೇ ಬರಲಿಲ್ಲ. ಹೆಸರು ಹಿಡಿದು ಕರೆಯಬೇಕು ಅಂದರೆ ಗಂಟಲಲ್ಲಿ ಸ್ವರ ಇಲ್ಲ. ಮುರಿದದ್ದು ಕೊಡೆಯ ಕಡ್ಡಿ ಅಂತ ಗೊತ್ತಾಗುವ ತನಕದ ಆ ಹೊತ್ತು ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಇಳಿದು ನೋಡಿದರೆ ನೀನು ಬದಿಯ ಕಣಿಯಲ್ಲಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದೀ, ಕಲ್ಲು ಇನ್ನೂ ಹೊಟ್ಟೆಯ ಹತ್ತಿರವೇ. "ಕೊಡೆ ಹೋಯ್ತು ಅಪ್ಪಾ, ಅಮ್ಮ ಬೈತಾಳಾ?" ಅಂತ ಕೇಳಿದೆ.

ಕೊಡೆ ಗಾಳಿಗೆ ಹಾರಿ ತೋಡಿಗೆ ಬಿತ್ತು ಅಂತ ಅಮ್ಮನಿಗೆ ನಾನೇ ಹೇಳಿದ್ದು. ನೀನು ಹೌದೆಂದು ತಲೆಯಾಡಿಸಿದೆ. ನನ್ನ ಸುಳ್ಳಿಗೆ ಎಂಟು ವರ್ಷದವಳನ್ನು ಸಾಕ್ಷಿ ನಿಲ್ಲಿಸಿದೆ. ಮದ್ದು ಆ ದಿನ ಬಿಡಲೂ ಇಲ್ಲ, ಮಳೆ ಬಂತು.

ನಿನ್ನೆ ಆ ಕೆಂಪು ಟೊಪ್ಪಿ ನೋಡಿದಾಗ ನನಗೆ ಕಂಡದ್ದು ಅದೇ. ಅದಕ್ಕೇ ಕಿರುಚಿದ್ದು. ನಿನ್ನ ಮೇಲೆ ಸಿಟ್ಟಿನಿಂದ ಅಲ್ಲ.

ಉಪದೇಶ ಬೇಡ ಅನ್ನುತ್ತೀ. ಸ್ವಲ್ಪವೇ ಹೇಳುತ್ತೇನೆ. ಕಾರಿನ ಹಿಂದೆ ಯಾರೂ ನಿಲ್ಲಕೂಡದು, ಮುಂದೆಯೂ ಬೇಡ. ಯಾರಾದರೂ ದೂಡಲು ಬಂದರೆ ಥ್ಯಾಂಕ್ಸ್ ಹೇಳಿ ದೂರ ನಿಲ್ಲಿಸು. ಚಕ್ರದ ಅಡಿಗೆ ಮ್ಯಾಟ್ ಕೊಟ್ಟರೂ ಅಷ್ಟೇ, ಅದು ಹಿಂದಕ್ಕೆ ಹಾರಿ ಬಡಿಯುತ್ತದೆ. ಎಲ್ಲಕ್ಕಿಂತ ಮೊದಲು ಹೊಗೆ ಕೊಳವೆಯ ಸುತ್ತ ಹಿಮ ಬಿಡಿಸು, ಆಮೇಲೆ ಸ್ಟಾರ್ಟ್ ಮಾಡು. ಅದು ಮುಚ್ಚಿದ್ದರೆ ಕಾರ್ಬನ್ ಮೋನಾಕ್ಸೈಡ್ ಒಳಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿ ಅಂತ ಒಳಗೆ ಹೀಟರ್ ಹಾಕಿ ಕೂತುಬಿಡಬೇಡ. ಗ್ಲಾಸ್ ಪೂರ್ತಿ ಕೆರೆ, ಬಟ್ಟಲಿನಷ್ಟು ಸಾಲದು. ಮೇಲ್ಛಾವಣಿಯದ್ದನ್ನೂ ಗುಡಿಸು, ಇಲ್ಲದಿದ್ದರೆ ಬ್ರೇಕ್ ಹಾಕುವಾಗ ಅದು ಜಾರಿ ಎದುರಿನ ಗ್ಲಾಸಿಗೆ ಬೀಳುತ್ತದೆ. ಬಿಸಿನೀರು ಮಾತ್ರ ಸುರಿಯಬೇಡ, ಗ್ಲಾಸ್ ಒಡೆದೀತು.

ಉಪ್ಪು ಹಾಕಿದರೂ ಏನೂ ಆಗಲಿಲ್ಲ ಅಂದೆಯಲ್ಲ. ಮಿನಿಯಾಪೊಲಿಸ್‌ನಲ್ಲಿ ನಿನ್ನೆ ಮೈನಸ್ 14. ಮೈನಸ್ 9, 10 ದಾಟಿದರೆ ಮಾಮೂಲಿ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲವಂತೆ. ಮರಳು ಹಾಕು. ಇದು ನನಗೆ ಯೂಟ್ಯೂಬ್ ಹೇಳಬೇಕಾಗಿರಲಿಲ್ಲ, ಮಾರಾಯ್ತಿ, ಮಳೆಗಾಲದಲ್ಲಿ ಅಂಗಳ ಪಾಚಿ ಹಿಡಿದರೆ ನಾವು ಅಡಿಕೆ ದಬ್ಬೆ, ತೆಂಗಿನ ಮಡಲು ಹಾಸಿ ನಡೆಯುವುದಿಲ್ವಾ? ಕಾಲಿಗೆ ಹಿಡಿತ ಬೇಕು, ಚಕ್ರಕ್ಕೂ ಹಿಡಿತ ಬೇಕು. ಮುಂದಿನ ಚಕ್ರದ ಎದುರಿನ ಐಸ್ ಒಡೆದು ಅಲ್ಲಿ ಮರಳು ಹರಡು, ಸ್ಟೇರಿಂಗ್ ನೇರ ಇಡು, ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತು. ಬರದಿದ್ದರೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ತೊಟ್ಟಿಲು ತೂಗಿದ ಹಾಗೆ, ಆದರೆ ಗೇರ್ ಬದಲಿಸುವ ಮೊದಲು ಕಾರು ಪೂರ್ತಿ ನಿಲ್ಲಬೇಕು. ನಾಲ್ಕು ಸಲಕ್ಕೆ ಆಗದಿದ್ದರೆ ಬಿಡು. ಟೋ ಮಾಡುವವರನ್ನು ಕರೆ, ದುಡ್ಡು ಹೋಗಲಿ. ಆಫೀಸಿಗೆ ಒಂದು ದಿನ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಈ ಮಾತು ಹೇಳಲು ನನಗೆ ಯೋಗ್ಯತೆ ಇಲ್ಲ, ಗೊತ್ತು. ಮತ್ತೆ, ಚಳಿಗಾಲದ ಟಯರು ಹಾಕಿಸು. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ರಬ್ಬರ್ ಗಟ್ಟಿಯಾಗುತ್ತದೆ, ಹಿಡಿತ ಇರುವುದಿಲ್ಲ. ಹಣ ಬೇಕಾದರೆ ಹೇಳು. ಈ ಸಲ ಅಡಿಕೆ ಪರವಾಗಿಲ್ಲ.

ನೋಡು, ಸ್ವಲ್ಪ ಅಂತ ಹೇಳಿ ಎಷ್ಟಾಯಿತು.

ನೀನು ಕಾಸರಗೋಡಿನಲ್ಲಿ ಲೈಸೆನ್ಸಿಗೆ 'ಎಚ್' ಹಾಕಿದ್ದು, ಅದೇ ಕಂಬಿಗಳ ನಡುವೆ H ಅಕ್ಷರದ ಹಾಗೆ ಕಾರು ಓಡಿಸಿ ತೋರಿಸಿದ್ದು, ನೆನಪಾಯಿತು. ನಿನ್ನ ಜೊತೆ ಬಂದ ಹುಡುಗರು ರಿವರ್ಸಿನಲ್ಲಿ ಕಂಬಿ ಬೀಳಿಸಿ ತಲೆ ತಗ್ಗಿಸಿ ಇಳಿದರು, ನೀನು ಒಂದನ್ನೂ ಮುಟ್ಟದೆ ಬಂದೆ. ನಾನು ಬೇಲಿಯ ಹೊರಗೆ ನಿಂತಿದ್ದೆ. ಪಕ್ಕದಲ್ಲಿದ್ದ ಯಾರೋ ಮಲಯಾಳದಲ್ಲಿ, ಅದು ಯಾರ ಮಗಳು ಅಂತ ಕೇಳಿದರು. ನಾನು ಹೇಳಿದೆ. ಎರಡು ಸಲ ಹೇಳಿದೆ, ಅವರು ಕೇಳಿದ್ದು ಒಂದೇ ಸಲ. ನಿನಗೆ ಆ ದಿನ ಚೆನ್ನಾಗಿ ಮಾಡಿದೆ ಅಂತ ಹೇಳಲಿಲ್ಲ, ಕ್ಲಚ್ ಜಾಸ್ತಿ ತುಳಿಯುತ್ತೀ ಅಂದೆ.

ನಿನ್ನೆ ದೂಡಲು ಬಂದ ಆ ಹುಡುಗನಿಗೆ ಏನಾದರೂ ತಿನ್ನಲು ಕೊಡು. ಹೋಳಿಗೆ ಉಳಿದಿದ್ದರೆ ಅದೇ ಆಗಬಹುದು.

ನಾಳೆ ಕಾರು ತೆಗೆಯುವಾಗ ನನಗೆ ಫೋನ್ ಮಾಡಬೇಡ. ತೆಗೆದಾದ ಮೇಲೆ ಮಾಡು. ನಿನಗೆ ಬೆಳಿಗ್ಗೆ ಏಳು ಅಂದರೆ ನಮಗೆ ಸಂಜೆ ಆರೂವರೆ, ಜಗಲಿಯಲ್ಲೇ ಇರುತ್ತೇನೆ. ಅಮ್ಮ ಎತ್ತಿದರೆ ಕೊಡೆಯ ವಿಷಯ ತೆಗೆಯಬೇಡ. ಅದನ್ನು ನಾನೇ ಹೇಳಬೇಕು, ಹೇಳುತ್ತೇನೆ.

ಅಪ್ಪ