ಕನ್ನಡಕದ ಸುದ್ದಿ ಸಾಕು, ಖರ್ಚೆಷ್ಟು ಹೇಳಿ

ಮಾನ್ಯ ಸಂಪಾದಕರೇ,

ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಎಆರ್ ಕನ್ನಡಕ (ಕಣ್ಣೆದುರಿನ ದೃಶ್ಯದ ಮೇಲೆಯೇ ಕಂಪ್ಯೂಟರ್ ಚಿತ್ರ ತೋರಿಸುವಂಥದ್ದು) ಹಾಕಿ ಬೆನ್ನುಮೂಳೆ ಆಪರೇಷನ್ ಶುರುವಾದ ಸುದ್ದಿಯನ್ನು ಮೊನ್ನೆ ದೊಡ್ಡದಾಗಿ ಹಾಕಿದ್ದೀರಿ. ದೀಪ ಹಚ್ಚುವ ಫೋಟೊ ಇತ್ತು, ಶಾಸಕರ ಭಾಷಣ ಇತ್ತು. ಖರ್ಚೆಷ್ಟು, ಕಾರ್ಡಿಗೆ ಸಿಗುತ್ತದಾ, ರೋಗಿ ಏನು ತರಬೇಕು ಎಂಬ ಒಂದು ಸಾಲೂ ಇರಲಿಲ್ಲ. ಅದನ್ನು ನಂಬಿ ನಿನ್ನೆ ಅಮ್ಮನನ್ನು ಮೂಲ್ಕಿಯಿಂದ ಕರ್ಕೊಂಡು ಹೋಗಿ ಪಟ್ಟ ಪಾಡು ಯಾರಿಗೂ ಬೇಡ.

ಅಮ್ಮನಿಗೆ ಸೊಂಟದ ಹತ್ತಿರ ಬೆನ್ನುಮೂಳೆ ಜಾರಿದೆ. ಸ್ಕ್ರೂ, ರಾಡ್ ಹಾಕಬೇಕಂತೆ. ಬೆಲ್ಟ್ ಕಟ್ಟಿದರೂ ಜಾಸ್ತಿ ಹೊತ್ತು ಕೂರಲು ಆಗುವುದಿಲ್ಲ. ಕೂಳೂರಿನ ಹೊಂಡಗಳಲ್ಲಿ ಕಾರು ಇಳಿದು ಹತ್ತಿದಾಗಲೆಲ್ಲ ಕಿರುಚಿದರು. ಆಸ್ಪತ್ರೆಯ ಗೇಟಿನಲ್ಲಿ ಪಾರ್ಕಿಂಗ್ ಫುಲ್. ಒಳಗೆ ಟೋಕನ್ ತಗೊಂಡರೆ ಕೌಂಟರ್ ಬೇರೆ ಅಂದರು. ಅಮ್ಮ ಬೆಂಚಿನ ಮೇಲೆ ಮಲಗಿದರೆ ಸೆಕ್ಯುರಿಟಿಯವನು ಬಂದು ಎಬ್ಬಿಸಿದ. ಬೆನ್ನುಮೂಳೆ ವಿಭಾಗದ ಎದುರಿಗೇ ಹೀಗೆ!

ಕೊನೆಗೆ ನಮ್ಮ ಸಿ.ಟಿ. ಸ್ಕ್ಯಾನಿನ ಸಿ.ಡಿ. ಕೊಟ್ಟೆ. ಒಳಗಿನ ಹುಡುಗಿ ಕಂಪ್ಯೂಟರಿಗೆ ಹಾಕಿ ನೋಡಿ, "ಸ್ಲೈಸ್ ದಪ್ಪ ಆಯ್ತು, ಇದು ಆಗಲ್ಲ" ಅಂತ ವಾಪಸ್ ಕವರಿಗೆ ತುಂಬಿಸಿದಳು. ಕನ್ನಡಕದಲ್ಲಿ ಸರಿಯಾಗಿ ಕಾಣಲು ತೆಳು ಪದರದ ಸ್ಕ್ಯಾನ್ ಬೇಕಂತೆ. ಇನ್ನೊಮ್ಮೆ ತೆಗೆಸಿ, ಇನ್ನೊಮ್ಮೆ ದುಡ್ಡು ಕಟ್ಟಿ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದಾಗಲೇ ಇದನ್ನು ಹೇಳಬಹುದಿತ್ತಲ್ವಾ? ನಮ್ಮದು ಎಪಿಎಲ್ ಕಾರ್ಡು. ಸರ್ಕಾರದ ಯೋಜನೆಯಲ್ಲಿ ನಮಗೆ ಸಿಗುವುದೇ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ. 30. ಅದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತನ್ನಿ ಅಂದರು. ಕನ್ನಡಕದ ಚಾರ್ಜು ಬೇರೆಯಂತೆ. ಎಷ್ಟು ಅಂತ ಕೇಳಿದರೆ "ಅಡ್ಮಿಟ್ ಆದ ಮೇಲೆ ಬಿಲ್ಲಿಂಗ್‌ನಲ್ಲಿ ಹೇಳ್ತಾರೆ." ಅಡ್ಮಿಟ್ ಆದ ಮೇಲೆ ಕೇಳಿ ಏನು ಪ್ರಯೋಜನ ಮಾರಾಯ್ರೆ?

ಕನ್ನಡಕದ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿದ್ದ ಸಣ್ಣ ಪ್ರಾಯದ ಡಾಕ್ಟರೊಬ್ಬರು ನಿಂತು ವಿವರಿಸಿದರು, ಅವರಿಗೆ ಒಳ್ಳೆಯದಾಗಲಿ. ಸ್ಕ್ರೂ ಹೋಗುವುದು ಮೂಳೆಯ ಸಪೂರ ದಾರಿಯಲ್ಲಿ, ಪಕ್ಕದಲ್ಲೇ ನರ. ಸ್ಕ್ರೂವಿನ ದಾರಿಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಮೊದಲಿನ ನ್ಯಾವಿಗೇಷನ್‌ನಲ್ಲಿ ಡಾಕ್ಟರು ಆಚೆ ಇರುವ ಸ್ಕ್ರೀನ್ ಕಡೆ ತಲೆ ತಿರುಗಿಸಿ ನೋಡಬೇಕಿತ್ತು. ಈಗ ಸಿ.ಟಿ. ಚಿತ್ರ ರೋಗಿಯ ಬೆನ್ನಿನ ಮೇಲೆಯೇ ಇದ್ದ ಹಾಗೆ ಕಾಣುತ್ತದೆ. ಆದರೆ ಕನ್ನಡಕಕ್ಕೆ ಜಾಗ ಗೊತ್ತಾಗಲು ಮೂಳೆಗೆ ಕಚ್ಚಿಸಿದ ಗುರುತಿನ ಕ್ಲಿಪ್ಪು ಸ್ವಲ್ಪ ಅಲುಗಿದರೂ ಚಿತ್ರ ತಪ್ಪು ಜಾಗ ತೋರಿಸುತ್ತದೆ. ಹಾಗಾಗಿ ಎಕ್ಸ್‌ರೇಯಲ್ಲಿ ನೋಡಿಕೊಳ್ಳಲೇಬೇಕು. ನೀವು "ತಪ್ಪಿಗೆ ಅವಕಾಶವೇ ಇಲ್ಲ" ಅಂತ ಬರೆದಿದ್ದೀರಿ. ಯಾರನ್ನು ಕೇಳಿ ಬರೆದಿರಿ?

ಅಮೆರಿಕದಲ್ಲಿ ಇಂಥ ಕನ್ನಡಕಕ್ಕೆ 2019ರ ಕೊನೆಗೆ ಒಪ್ಪಿಗೆ ಸಿಕ್ಕಿತು. 2020ರ ಜೂನ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಪರೇಷನ್ನೂ ಆಯಿತು. ನಮಗೆ ಆ ವರ್ಷ ಸಿಕ್ಕಿದ್ದು ಪಂಪ್‌ವೆಲ್ ಫ್ಲೈಓವರ್, ಅದೂ ಎಷ್ಟು ವರ್ಷ ಗೋಳಾಡಿದ ಮೇಲೆ! ಮಳೆ ಬಂದರೆ ಕೊಟ್ಟಾರ ಚೌಕಿಯಲ್ಲಿ ಈಗಲೂ ನೀರು ನಿಲ್ಲುತ್ತದೆ. ಅಧಿಕಾರಿಗಳು ಬಂದು ನೋಡುತ್ತಾರೆ, ಕೈ ತೋರಿಸಿ ಫೋಟೊ ತೆಗೆಸುತ್ತಾರೆ, ಹೋಗುತ್ತಾರೆ. ಬೆನ್ನು ನೋವಿನವರನ್ನು ಆ ರಸ್ತೆಯಲ್ಲಿ ಒಂದು ದಿನ ಕರ್ಕೊಂಡು ಹೋಗಿ ನೋಡಲಿ, ಆಗ ಗೊತ್ತಾಗುತ್ತದೆ.

ಆರೋಗ್ಯ ಇಲಾಖೆಯವರು ಆಸ್ಪತ್ರೆಗಳಿಂದ ರೇಟಿನ ಬೋರ್ಡು ಹಾಕಿಸಲಿ. ಇಲ್ಲವಾದರೆ ಜಿಲ್ಲಾಡಳಿತವಾದರೂ ಕಣ್ಣು ತೆರೆಯಲಿ. ಮೊದಲು ರಸ್ತೆ ಸರಿ ಮಾಡಲಿ. ನೀವೂ ಅಷ್ಟೇ, ಉದ್ಘಾಟನೆಯ ಊಟ ಮಾಡಿ ಬಂದವರು ಹೇಳಿದ್ದನ್ನೆಲ್ಲ ಅಚ್ಚು ಹಾಕುವ ಮೊದಲು ಒಂದು ಸಲ ಕೌಂಟರಿಗೆ ಹೋಗಿ ಕೇಳಿ. ನಂಬಿ ಬಂದ ರೋಗಿಗಳನ್ನು ಹೀಗೆ ಅಲೆಸಲು ನಿಮಗೆಲ್ಲ ನಾಚಿಕೆಯಾಗಬೇಕು.

– ನೊಂದ ಓದುಗ, ಮೂಲ್ಕಿ