ಹಿಮ್ಮಡಿಯ ನಾಲ್ಕು ಹನಿ ರಕ್ತ: ಉಸ್ತುವಾರಿ ಸಚಿವರಿಗೆ ಕುಮಟಾ ತಾಲೂಕಿನ ತಾಯಿಯ ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯ ಮಾನ್ಯ ಉಸ್ತುವಾರಿ ಸಚಿವರಿಗೆ,

ನಮಸ್ಕಾರ. ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಮೂರು ಸಲವೂ ಸ್ವೀಕೃತಿ ಚೀಟಿ ಸಿಕ್ಕಿದೆ, ಉತ್ತರ ಸಿಕ್ಕಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಮ್ಮ ಜಿಲ್ಲೆಯಲ್ಲಿ ಹೆರಿಗೆ ಆಗುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ, ಮಗುವನ್ನು ಮನೆಗೆ ಕಳಿಸುವ ಮೊದಲು ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆ ಮಾಡಿಸಿ.

ನನ್ನ ಮಗಳಿಗೆ ಈಗ ಏಳು ವರ್ಷ. ಹುಟ್ಟಿದಾಗ ಮೂರು ಕಾಲು ಕಿಲೋ ಇದ್ದಳು. ಅಳುವುದೇ ಕಡಿಮೆ. ಹಾಲಿಗೂ ನಾವೇ ಎಬ್ಬಿಸಬೇಕಿತ್ತು. ನೋಡಲು ಬಂದವರೆಲ್ಲ "ಎಷ್ಟು ಪಾಪದ ಕೂಸು, ಬಾಣಂತಿಗೆ ನಿದ್ದೆ ಮಾಡಲು ಬಿಡ್ತದೆ" ಅಂದರು. ನಾನೂ ಹಿಗ್ಗಿದೆ. ಮೂರು ವಾರ ಆದರೂ ಕಾಮಾಲೆ ಇಳಿಯಲಿಲ್ಲ. ಎಳೆ ಬಿಸಿಲಿಗೆ ಹಿಡಿಯಿರಿ ಅಂದರು, ಹಿಡಿದೆವು. ಹೊಕ್ಕಳು ಉಬ್ಬಿತು. ಅತ್ತೆ ಅದರ ಮೇಲೆ ನಾಣ್ಯ ಇಟ್ಟು ಬಟ್ಟೆ ಕಟ್ಟಿದರು. ನಾಲ್ಕೈದು ದಿನಕ್ಕೊಮ್ಮೆ ಕಕ್ಕ ಆಗುತ್ತಿತ್ತು. ಅದಕ್ಕೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡುತ್ತಿದ್ದರು. ಪ್ರೀತಿಯಿಂದಲೇ ಮಾಡಿದರು, ಅವರನ್ನು ನಾನು ಯಾವತ್ತೂ ದೂರಿಲ್ಲ. ಒಂದೊಂದಕ್ಕೆ ಒಂದೊಂದು ಮದ್ದು ಮಾಡುತ್ತಾ ಹೋದೆವು. ಇವೆಲ್ಲ ಸೇರಿ ಒಂದೇ ಕಾಯಿಲೆ ಅಂತ ಹೇಳುವವರು ಯಾರೂ ಇರಲಿಲ್ಲ.

ಐದು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಆಗ ಸುಮಾರು 200 ಕಿ.ಮೀ. ದೂರದ ಮಂಗಳೂರಿಗೆ ಹೋದೆವು. ಡಾಕ್ಟರು ನಾಲಿಗೆ ನೋಡಿದರು, ಹೊಕ್ಕಳು ನೋಡಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ 100ಕ್ಕಿಂತ ಮೇಲಿತ್ತು. ಅವಳಿಗೆ ಈ ತೊಂದರೆ ಹುಟ್ಟಿನಿಂದಲೇ ಇತ್ತು. ಆ ಗ್ರಂಥಿಯ ಹಾರ್ಮೋನ್ ಸಾಲದಿದ್ದರೆ ಎಳೆ ಮಗುವಿನ ಮೆದುಳು ಸರಿಯಾಗಿ ಬೆಳೆಯುವುದಿಲ್ಲವಂತೆ. "ಹುಟ್ಟಿದ ಎರಡು ವಾರದೊಳಗೆ ಮಾತ್ರೆ ಶುರು ಆಗಿದ್ದರೆ ಉಳಿದ ಮಕ್ಕಳ ಹಾಗೇ ಇರ್ತಿದ್ದಳೇನೋ" ಅಂದರು ಡಾಕ್ಟರು. ಅಷ್ಟು ಹೇಳಿ ಅವರೂ ಸುಮ್ಮನಾದರು.

ಆ ಮಾತ್ರೆಗೆ ದಿನಕ್ಕೆ ಎರಡು ಮೂರು ರೂಪಾಯಿ. ಎರಡು ಚಮಚದ ನಡುವೆ ಒತ್ತಿ ಪುಡಿ ಮಾಡಿ, ಎದೆಹಾಲಿನಲ್ಲಿ ಕಲಸಿ, ಒಳಲೆಯಲ್ಲಿ ಕುಡಿಸುತ್ತಿದ್ದೆ. ಕಬ್ಬಿಣದ ಟಾನಿಕ್ ಅದರ ಜೊತೆ ಕೊಡಬಾರದು, ನಾಲ್ಕು ತಾಸು ಬಿಡಬೇಕು. ಚಿಕಿತ್ಸೆ ಅಂದರೆ ಇಷ್ಟೇ. ಜೊತೆಗೆ ಆಗಾಗ ರಕ್ತ ನೋಡಿ ಡೋಸ್ ಬದಲಿಸಬೇಕು, ಪ್ರತಿ ಸಲ ಮತ್ತೆ ಮಂಗಳೂರು. ಮಗಳು ನಡೆದದ್ದು ಎರಡೂವರೆ ವರ್ಷಕ್ಕೆ. ಈಗ ಒಂದನೇ ಕ್ಲಾಸು. "ಅ" ಬರೆಯಲು ಪೆನ್ಸಿಲ್ ಹಿಡಿದರೆ ಬೆರಳು ನಿಲ್ಲುವುದಿಲ್ಲ.

ಅರ್ಜಿ ಹಿಡಿದು ಹೋದಾಗ ಒಬ್ಬ ಅಧಿಕಾರಿ ಹೇಳಿದ್ದು ಇದು: "ನಿಮ್ಮ ಒಂದು ಮಗುವಿಗೆ ಬಂತು ಅಂತ ಇಡೀ ಜಿಲ್ಲೆಗೆ ಪರೀಕ್ಷೆ ಯಾಕಮ್ಮ?" ಮಗಳು ನನ್ನ ಸೊಂಟದ ಮೇಲೇ ಇದ್ದಳು. ಅವಳ ಮುಖ ನೋಡಿಕೊಂಡೇ ಹೇಳಿದರು.

ಸ್ವಾಮಿ, ನಮ್ಮ ದೇಶದಲ್ಲಿ ಹೆಚ್ಚುಕಡಿಮೆ 1000ದಿಂದ 1500 ಮಕ್ಕಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ಹೆರಿಗೆ ಅನ್ನುವ ಲೆಕ್ಕ ನಿಮ್ಮವರ ಬಳಿಯೇ ಇದೆ. ಭಾಗಿಸಿ ನೋಡಿ. ನಿಯಮಗಳನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲೇ ಇದು ಇದೆ. ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. ಅಲ್ಲಿ 2008ರಲ್ಲೇ ನವಜಾತ ಶಿಶುಗಳ ಪರೀಕ್ಷೆ ಶುರು ಮಾಡಿದ್ದರು. ನಾವೇನು ದೂರದ ದೇಶದಲ್ಲಿದ್ದೇವಾ?

ಇಷ್ಟು ವರ್ಷ ನುಂಗಿಕೊಂಡಿದ್ದೆ. ಕಳೆದ ತಿಂಗಳು ನನ್ನ ತಂಗಿಗೆ, ನನ್ನ ಮಗಳು ಹುಟ್ಟಿದ ಅದೇ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಮೂರನೇ ದಿನ ಮನೆಗೆ ಹೋಗಿ ಅಂದರು. ಹಿಮ್ಮಡಿ ಪರೀಕ್ಷೆ ಮಾಡಿದ್ರಾ ಅಂತ ಕೇಳಿದೆ. "ಅದು ಇಲ್ಲಿಲ್ಲ, ಬೇಕಾದ್ರೆ ಹೊರಗೆ ಮಾಡಿಸ್ಕೊಳ್ಳಿ." ಏಳು ವರ್ಷದಲ್ಲಿ ಆ ವಾರ್ಡಿನ ಗೋಡೆಗೆ ಹೊಸ ಬಣ್ಣ ಬಂದಿದೆ, ಈ ಪರೀಕ್ಷೆ ಬಂದಿಲ್ಲ. ನಾವು ಹೊರಗಿನ ಲ್ಯಾಬಿಗೆ ಓಡಿದೆವು. ತಂಗಿಯ ಮಗು ಸರಿ ಇದೆ.

ಪಕ್ಕದ ಮಂಚದ ಹುಡುಗಿ ಕೇಳಿದ್ದಳು, "ಅಕ್ಕಾ, ಅದೆಂತ ಪರೀಕ್ಷೆ? ನಮ್ಮ ಕೂಸಿಗೂ ಬೇಕಾ?" ಬಂದು ಹೇಳ್ತೇನೆ ಅಂದೆ. ನಾವು ಲ್ಯಾಬಿನಿಂದ ಬರುವಷ್ಟರಲ್ಲಿ ಅವರು ಹೊರಟು ಹೋಗಿದ್ದರು. ಹೆಸರು ಕೇಳಿಕೊಳ್ಳಲಿಲ್ಲ, ಅದು ನನ್ನ ತಪ್ಪು.

ಹುಟ್ಟಿ 48 ತಾಸು ಕಳೆದ ಮೇಲೆ ನಾಲ್ಕು ಹನಿ ರಕ್ತ, ಒಂದು ಫಿಲ್ಟರ್ ಕಾಗದ, ವರದಿ ಬಂದ ಕೂಡಲೇ ಆಶಾ ಕಾರ್ಯಕರ್ತೆಯ ಮೂಲಕ ತಾಯಿಗೆ ಸುದ್ದಿ. ಇದನ್ನು ಮಾಡಿಸಿ. ಸಭೆ ಆಮೇಲೆ ಮಾಡಿ, ಸಮಿತಿ ಆಮೇಲೆ ಮಾಡಿ, ಮೊದಲು ಇದನ್ನು ಮಾಡಿಸಿ.

ಆ ಪಕ್ಕದ ಮಂಚದ ಕೂಸಿಗೆ ಈಗ ಒಂದು ತಿಂಗಳು. "ನಮ್ಮದು ಅಳೂದೇ ಇಲ್ಲ, ಬರೀ ನಿದ್ದೆ" ಅಂತ ಅದರ ಅಜ್ಜಿ ಹೇಳುತ್ತಿದ್ದುದು ನನ್ನ ಕಿವಿಯಲ್ಲೇ ಇದೆ. ಅವರ ವಿಳಾಸ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುತ್ತದೆ. ದಯವಿಟ್ಟು ನಾಳೆಯೇ ಯಾರನ್ನಾದರೂ ಆ ಮನೆಗೆ ಕಳಿಸಿ.

ಇಂತಿ,
ಒಬ್ಬ ತಾಯಿ, ಕುಮಟಾ ತಾಲೂಕು